ಊರು ಬಿಟ್ಟ ಕಾಲದ ಹಿರಿಯರು

ಅಟ್ಟದಿಂದಲೋ ಕಣಜದ ಮಗ್ಗುಲಿನಿಂದಲೋ ಒಂದು ಇಲಿ ತತ್ತರಿಸುತ್ತ ಹೊರಬಂದು ನಡುಮನೆಯಲ್ಲಿ ಸತ್ತು ಬಿದ್ದಿತೆಂದರೆ, ಆ ಮನೆಯವರು ಮಾತ್ರವಲ್ಲದೆ ಆ ಕೇರಿಯವರೂ, ಕೆಲವು ದಿನಗಳೊಳಗಾಗಿ ಇಡಿಯ ಊರಿನವರೂ ಗಂಟುಮೂಟೆ ಕಟ್ಟಿಕೊಂಡು ಹೊಲಕ್ಕೋ ತೋಪಿಗೋ ಹೊರಟು, ಅಲ್ಲಿ ಸೋಗೆಯ ಗುಡಿಸಲುಗಳನ್ನು ಹಾಕಿಕೊಂಡು ತಿಂಗಳುಗಟ್ಟಲೆ ನಿಲ್ಲುವ ಪದ್ಧತಿಯು ಹಳೆಯ ಮೈಸೂರು ಸೀಮೆಯಲ್ಲಿಯೂ ಧಾರವಾಡ ಬೆಳಗಾವಿಗಳ ಕಡೆಯಲ್ಲಿಯೂ ಬಹುಕಾಲ ನಡೆದುಬಂದಿತು. ‘ಇಲಿ ಬಿತ್ತು’ ಎಂಬ ಸುದ್ದಿಯೊಂದೇ ಸಾಕಾಗಿದ್ದಿತು, ಡಂಗುರ ಬೇಕಾಗಿರಲಿಲ್ಲ. ಈ ಪದ್ಧತಿಯನ್ನು ಕುರಿತು ಸರ್ಕಾರದ ವರದಿಗಳುಂಟು, ವೈದ್ಯರ ವಿಚಾರಣೆಗಳುಂಟು, ಸತ್ತವರ ಲೆಕ್ಕಗಳುಂಟು. ಆದರೆ ಅರುವತ್ತು ದಾಟಿದ ಒಬ್ಬ ಮುದುಕನೋ ಮುದುಕಿಯೋ ಆ ಗುಡಿಸಲಿನಲ್ಲಿ ಬೆಳಗಿನಿಂದ ಬೈಗಿನವರೆಗೆ ಹೇಗೆ ಕಾಲ ಕಳೆದರು, ಯಾವುದಕ್ಕೆ ಕುಗ್ಗಿದರು, ಯಾವುದರಿಂದ ಚೇತರಿಸಿಕೊಂಡರು ಎಂಬುದನ್ನು ಆ ಕಾಗದಗಳಲ್ಲಿ ಅರಸಿದರೆ ದೊರೆಯುವುದು ಅತ್ಯಲ್ಪ. ನನ್ನ ಮಟ್ಟಿಗೆ ಆ ಕಾಲದ ಚರಿತ್ರೆಯ ತಿರುಳು ಅಲ್ಲಿಯೇ ಇದೆ. ಏಕೆಂದರೆ ಊರು ಬಿಡುವುದು ತರುಣರಿಗೆ ಕೆಲವು ತಿಂಗಳ ಸ್ಥಳಾಂತರವಾಗಿದ್ದಿತು, ವೃದ್ಧರಿಗಾದರೋ ಬಾಳಿನ ಕ್ರಮವೇ ಕಳಚಿಬಿದ್ದಂತಾಗಿದ್ದಿತು.

ಹೀಗೆ ಊರು ಬಿಡಿಸಿದ ಪ್ಲೇಗು ಮುಂಬಯಿಯ ಮಾಂಡವಿಯ ಕೇರಿಗಳಲ್ಲಿ ಕಾಣಿಸಿಕೊಂಡದ್ದು 1896ರ ಸೆಪ್ಟೆಂಬರಿನಲ್ಲಿ. ಅಲ್ಲಿಂದ ರೈಲಿನ ಹಾದಿ ಹಿಡಿದು ಪುಣೆಯನ್ನೂ ಧಾರವಾಡ ಹುಬ್ಬಳ್ಳಿಗಳನ್ನೂ ಹೊಕ್ಕು, 1898ರ ಆಗಸ್ಟ್ ತಿಂಗಳಲ್ಲಿ, ವಿಳಂಬಿ ಸಂವತ್ಸರದ ಮಳೆಗಾಲದಲ್ಲಿ, ಅದು ಬೆಂಗಳೂರನ್ನು ಮುಟ್ಟಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿಯೂ ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿಯೂ ಇದ್ದ ಕಾಲ ಅದು, ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನಿಯುಕ್ತರಾದರು. ರೋಗಿಗಳನ್ನು ಬೇರ್ಪಡಿಸುವುದು, ಅವರೊಡನೆ ಇದ್ದವರನ್ನು ಶಿಬಿರಗಳಲ್ಲಿ ಇರಿಸುವುದು, ಮನೆಗಳನ್ನು ತೆರವು ಮಾಡಿಸಿ ಶುದ್ಧಿಗೊಳಿಸುವುದು ಇವೇ ಮುಂತಾದ ಏರ್ಪಾಡುಗಳು ಒಂದರ ಮೇಲೊಂದರಂತೆ ಬಂದವು.

ಆ ವಿಳಂಬಿಯಲ್ಲಿ ಅರುವತ್ತು ವರ್ಷ ವಯಸ್ಸಾಗಿದ್ದ ಒಬ್ಬ ರೈತನನ್ನು ಮನಸ್ಸಿಗೆ ತಂದುಕೊಳ್ಳೋಣ. ಅವನು ಹುಟ್ಟುವಾಗ ಮೈಸೂರು ಇಂಗ್ಲಿಷ್ ಕಮಿಷನರ ಆಡಳಿತದಲ್ಲಿದ್ದಿತು; ಅವನ ಇಪ್ಪತ್ತೈದು ಇಪ್ಪತ್ತಾರನೆಯ ವಯಸ್ಸಿನಲ್ಲಿ, 1864ರಲ್ಲಿ, ಬೆಂಗಳೂರಿಗೆ ಮೊದಲ ರೈಲು ಬಂದಿತು; ನಾಲ್ವತ್ತರ ಹೊಸ್ತಿಲಿನಲ್ಲಿ ಧಾತು ಈಶ್ವರ ಸಂವತ್ಸರಗಳ ಆ ಮಹಾಕ್ಷಾಮವನ್ನು ಅವನು ಕಣ್ಣಾರೆ ಕಂಡನು. 1871ರಲ್ಲಿ ಐವತ್ತು ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರ ಖಾನೇಸುಮಾರಿಯ ವೇಳೆಗೆ ನಾಲ್ವತ್ತೆರಡು ಲಕ್ಷಕ್ಕೆ ಇಳಿದಿತ್ತೆಂದರೆ ಅವನು ಎಷ್ಟು ಮಂದಿಯನ್ನು ಕಳೆದುಕೊಂಡಿದ್ದನೆಂಬುದನ್ನು ಊಹಿಸಬಹುದು. ಆ ಬರದಿಂದ ಅವನು ಕಲಿತ ಪಾಠವೇನೆಂದರೆ, ಮನೆ ಬಿಟ್ಟು ಹಾದಿ ಹಿಡಿದವನು ಉಳಿಯುವುದು ಕಷ್ಟ, ಕಾಳು ಇರುವ ಹಗೇವನ್ನೂ ನೀರು ಇರುವ ಬಾವಿಯನ್ನೂ ಕಾದುಕೊಂಡು ಕುಳಿತವನಿಗೆ ಬದುಕುವ ಆಸೆಯುಂಟು ಎಂಬುದು. ಇಪ್ಪತ್ತು ವರ್ಷಗಳ ತರುವಾಯ ಬಂದ ಮಹಾಮಾರಿ ಈ ಪಾಠವನ್ನು ತಲೆಕೆಳಗು ಮಾಡಿತು. ಕಾಳು ಕೂಡಿಟ್ಟ ಮನೆಯೇ, ಇಲಿಯ ನೆಲೆಯಾದುದರಿಂದ, ಮೃತ್ಯುವಿನ ಮನೆಯಾಯಿತು. ಸಂಗ್ರಹಬುದ್ಧಿಯುಳ್ಳ ಗೃಹಸ್ಥನೇ ಮೊದಲು ಹೊರಡಬೇಕಾಯಿತು. ಹಿರಿಯರು ಹೊರಡಲು ಒಪ್ಪಲಿಲ್ಲವೆಂದು ಅಂದಿನ ಅಧಿಕಾರಿಗಳು ಅದನ್ನು ಅಜ್ಞಾನವೆಂದೋ ಹಟವೆಂದೋ ಬಗೆದದ್ದುಂಟು. ಅದು ಅಜ್ಞಾನವಾಗಿರಲಿಲ್ಲ, ಇನ್ನೊಂದು ವಿಪತ್ತಿನಿಂದ ಬಹಳ ಬೆಲೆ ತೆತ್ತು ಸಂಪಾದಿಸಿದ ಜ್ಞಾನವಾಗಿದ್ದಿತು. ಈ ವಿಪತ್ತಿಗೆ ಅದು ಹೊಂದಲಿಲ್ಲ, ಅಷ್ಟೆ.

“ನೀವು ಹೋಗ್ರಪ್ಪಾ, ಮಕ್ಕಳನ್ನು ಕರಕೊಂಡು ಹೋಗಿ, ನಾನು ಇಲ್ಲೇ ಇರ್ತೀನಿ” ಎಂಬ ಮಾತು ಆ ದಿನಗಳಲ್ಲಿ ಎಷ್ಟು ಮನೆಗಳ ಹೊಸ್ತಿಲಲ್ಲಿ ಕೇಳಿಬಂದಿರಬೇಕು! ದೇವರ ಮನೆಯ ದೀಪ ಆರಬಾರದು, ಕೊಟ್ಟಿಗೆಯ ಮುದಿ ಎಮ್ಮೆ ನಡೆಯಲಾರದು, ಮಾಳಿಗೆಯ ಮೇಲಿನ ಪಾತ್ರೆಪಗಡಗಳನ್ನು ಕಾಯುವವರಿಲ್ಲ ಎಂದು ಕಾರಣಗಳು ನಾನಾವಿಧವಾಗಿದ್ದರೂ ಅವುಗಳ ಹಿಂದೆ ಇದ್ದ ಭಯ ಒಂದೇ: ತನ್ನ ಮನೆಯಲ್ಲಿ, ತನ್ನವರ ಕೈಯಿಂದ ತುಳಸಿತೀರ್ಥ ಕುಡಿದು ಪ್ರಾಣ ಬಿಡಬೇಕೆಂದು ಜೀವಮಾನವೆಲ್ಲ ಅಂದುಕೊಂಡಿದ್ದವರು ಎಲ್ಲಿಯೋ ಒಂದು ಶೆಡ್ಡಿನಲ್ಲಿ, ಗುರುತಿಲ್ಲದವರ ನಡುವೆ, ಜಾತಿಕುಲಗಳ ವಿವೇಚನೆಯಿಲ್ಲದ ನೀರು ಕುಡಿದು ಸಾಯಬೇಕಾದೀತೆಂಬುದು. ಈ ಭಯದಿಂದಲೇ ಜ್ವರ ಬಂದವರನ್ನು ಅಡಗಿಸಿಡುತ್ತಿದ್ದರು. ತಪಾಸಣೆಯವರು ಬಂದಾಗ ಕಂಕುಳಿನ ಗಂಟನ್ನು ಸೆರಗಿನಿಂದ ಮುಚ್ಚಿಕೊಂಡು ಒಲೆಯ ಮುಂದೆ ಕುಳಿತು ಅಡಿಗೆ ಮಾಡುವಂತೆ ನಟಿಸಿದವರೂ ಇದ್ದಿರಬಹುದು. ಸರ್ಕಾರದ ಕೈ ಎಲ್ಲಿ ಒರಟಾಯಿತೋ ಅಲ್ಲಿ ಭಯವು ಕ್ರೋಧವಾಯಿತು. ಪುಣೆಯಲ್ಲಿ ಸೋಲ್ಜರುಗಳು ಮನೆಮನೆ ಹೊಕ್ಕು ಶೋಧಿಸಿದುದರ ಪರಿಣಾಮವಾಗಿ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡನ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಮರುವರ್ಷ ನಮ್ಮ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿಯೂ ಜನರು ದಂಗೆಯೆದ್ದರು.

ಇನ್ನು ಗುಡಿಸಲಿನ ಬಾಳು. ಪ್ಲೇಗಿಗೆ ಒಂದು ಋತುಧರ್ಮವಿದ್ದಿತು. ಮಳೆಗಾಲದ ಕೊನೆಯಲ್ಲಿ ತಲೆಯೆತ್ತಿ, ಚಳಿಗಾಲದಲ್ಲಿ ಹಬ್ಬಿ, ಬೇಸಗೆಯ ಬಿಸಿಲು ಬಲಿತಂತೆ ಅದು ತಗ್ಗುತ್ತಿದ್ದಿತು. ಆದುದರಿಂದ ಊರು ಬಿಡುವ ಕಾಲವೆಂದರೆ ಮಾರ್ಗಶಿರ ಪುಷ್ಯಗಳ ಮಂಜಿನ ಕಾಲವೇ. ಮಣ್ಣಿನ ದಪ್ಪ ಗೋಡೆಗಳ ಬೆಚ್ಚನೆಯ ಮೂಲೆಯನ್ನು ಬಿಟ್ಟು ಬಿದಿರು ತಟ್ಟಿಯ ಸಂದಿನಿಂದ ಗಾಳಿ ನುಗ್ಗುವ ಗುಡಿಸಲಿನಲ್ಲಿ ಹಾಸಿದ ಹುಲ್ಲಿನ ಮೇಲೆ ಒಂದು ಕಂಬಳಿ ಹೊದ್ದು ಮಲಗಿದ ಮುದುಕರಿಗೆ ರಾತ್ರಿಯು ಬಲು ದೀರ್ಘವಾಗಿದ್ದಿತು. ಕೀಲುಗಳು ಹಿಡಿಯುತ್ತಿದ್ದವು, ಉಬ್ಬಸದವರಿಗೆ ಉಸಿರು ಕಟ್ಟುತ್ತಿದ್ದಿತು, ಪ್ಲೇಗಿನಿಂದ ಪಾರಾದವರಲ್ಲಿ ಕೆಲವರನ್ನು ಚಳಿಯೇ ಕೊಂಡೊಯ್ದಿರಬೇಕು. ಸ್ನಾನಕ್ಕೆ ಮರೆಯಿಲ್ಲ, ಮಡಿ ಒಣಹಾಕಲು ಗಳುವಿಲ್ಲ, ಬಾವಿ ದೂರ. ಮಡಿಯ ಹೆಂಗಸರ ಪಾಡಂತೂ ಹೇಳತೀರದು: ಜೀವನದಲ್ಲಿ ಉಳಿದುಕೊಂಡಿದ್ದ ಏಕೈಕ ಗೌರವವು ಆ ಆಚಾರನಿಷ್ಠೆಯೇ ಆಗಿದ್ದ ವಿಧವೆಗೆ, ನಾಲ್ಕು ಮಾರು ದೂರದಲ್ಲಿ ಇತರರ ಒಲೆ ಹೊಗೆಯಾಡುವ ಬಯಲಿನಲ್ಲಿ, ಆ ನಿಷ್ಠೆಯನ್ನು ಉಳಿಸಿಕೊಳ್ಳುವುದೇ ದಿನದ ದೊಡ್ಡ ಕೆಲಸವಾಗಿದ್ದಿತು. ಗಂಡಸರಿಗೆ ಜಗಲಿ ಹೋಯಿತು. ಹಳ್ಳಿಯ ಹಿರಿಯನಿಗೆ ಜಗಲಿಯೆಂದರೆ ಕುಳಿತುಕೊಳ್ಳುವ ಕಟ್ಟೆ ಮಾತ್ರವಲ್ಲ. ಅಲ್ಲಿ ಕುಳಿತೇ ಅವನು ಹೋಗಿಬರುವವರನ್ನು ಮಾತನಾಡಿಸುತ್ತಿದ್ದನು, ಜಗಳಗಳನ್ನು ತೀರಿಸುತ್ತಿದ್ದನು, ಸಾಲಕ್ಕೆ ಸಾಕ್ಷಿಯಾಗುತ್ತಿದ್ದನು. ಬಯಲಿಗೆ ಬಂದೊಡನೆ ಯಾರು ಬೇಗ ಓಡಾಡಬಲ್ಲರೋ, ಮರ ಕಡಿದು ತರಬಲ್ಲರೋ ಅವರ ಮಾತು ನಡೆಯತೊಡಗಿ, ಅವನ ಮಾತಿನ ತೂಕ ಕಡಮೆಯಾಯಿತು.

ಹಾಗೆಂದು ಗುಡಿಸಲಿನ ದಿನಗಳೆಲ್ಲವೂ ದುಃಖಮಯವಾಗಿದ್ದವೆಂದರೆ ಅದೂ ಸತ್ಯವಾಗದು. ಅದೇ ಮಂಜಿನ ಕಾಲವು ಸುಗ್ಗಿಯ ಕಾಲವೂ ಹೌದು. ರಾಗಿಯ ತೆನೆ ಕಣಕ್ಕೆ ಬರುತ್ತಿದ್ದಿತು. ಸೊಗಡಿನ ಅವರೆಕಾಯಿ ಹೊಲದ ಬದಿಯಲ್ಲಿಯೇ ಕೈಗೆ ಎಟುಕುತ್ತಿದ್ದಿತು. ಎಷ್ಟೋ ವರ್ಷಗಳಿಂದ ಕಾಲು ಸೋತು ಹೊಲದ ಮುಖ ಕಾಣದಿದ್ದ ಮುದುಕರು ತಮ್ಮ ಯೌವನದಲ್ಲಿ ತಾವೇ ಹದಮಾಡಿದ ನೆಲದ ಮೇಲೆ ಮತ್ತೆ ಬಂದು ಕುಳಿತರು. ಹಲ್ಲಿಲ್ಲದವರಿಗೂ ನುಂಗಲು ಅನುಕೂಲವಾದ ಬಿಸಿ ಮುದ್ದೆ, ಅದಕ್ಕೆ ಹಿಚುಕಿದ ಅವರೆಯ ಸಾರು. ಆಹಾರದ ವಿಷಯದಲ್ಲಿ ಆ ಋತು ದಯಾಳುವಾಗಿದ್ದಿತು. ಮಠದ ಪಾಠ ನಿಂತು ಮಕ್ಕಳು ಹಗಲೆಲ್ಲ ಅಜ್ಜ ಅಜ್ಜಿಯರ ವಶದಲ್ಲಿದ್ದವು. ಸಂಜೆ ಬೆಂಕಿಯ ಸುತ್ತ ಬೇರೆ ಬೇರೆ ಕೇರಿಗಳವರು ಕೂಡಿ ಕುಳಿತಾಗ ಭಜನೆಯೋ ಕಥೆಯೋ ನಡೆಯುತ್ತಿದ್ದಿತು; ಧಾತುವಿನ ಬರದಲ್ಲಿ ಯಾವ ಗೆಡ್ಡೆಯನ್ನು ಅಗೆದು ತಿಂದರು, ಯಾವ ಸೊಪ್ಪು ಬೇಯಿಸಿದರು ಎಂಬುದನ್ನು ಹೇಳಬಲ್ಲವರು ಹಿರಿಯರಲ್ಲದೆ ಬೇರೆ ಯಾರು? ಹಗಲಿನಲ್ಲಿ ಕಳೆದುಕೊಂಡ ಪ್ರಾಶಸ್ತ್ಯವನ್ನು ಅವರು ರಾತ್ರಿ ಸ್ವಲ್ಪ ಮಟ್ಟಿಗೆ ಮರಳಿ ಪಡೆಯುತ್ತಿದ್ದರು. ಈ ಶೆಡ್ಡಿನ ಬಾಳು ಮುಂದೆ ಎಷ್ಟು ಕಾಲ ನಮ್ಮ ನೆನಪಿನಲ್ಲಿ ಉಳಿಯಿತೆಂಬುದಕ್ಕೆ, ತಿಪಟೂರಿನ ಸುತ್ತಣ ಹಳ್ಳಿಗಾಡಿನ ಪ್ಲೇಗನ್ನು ಚಿತ್ರಿಸಿ ಎಸ್. ಎಲ್. ಭೈರಪ್ಪನವರು 1970ರಲ್ಲಿ ಪ್ರಕಟಿಸಿದ ‘ಗೃಹಭಂಗ’ ಕಾದಂಬರಿಯೇ ಸಾಕ್ಷಿ.

ಊರು ಬಿಟ್ಟವರು ಉಳಿದುಕೊಂಡದ್ದೇಕೆಂಬುದಕ್ಕೆ ಶಾಸ್ತ್ರೀಯವಾದ ಕಾರಣ ತಡವಾಗಿ ತಿಳಿಯಿತು. ಇಲಿಯ ಮೈಮೇಲಿನ ಚಿಗಟವೇ ರೋಗವಾಹಕವೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ 1898ರಲ್ಲಿಯೇ ಹೇಳಿದ್ದರೂ ವಿದ್ವಾಂಸರು ಅದನ್ನು ಮನ್ನಿಸಿದ್ದು 1905ರಲ್ಲಿ ನೇಮಕವಾದ ಸಂಶೋಧನ ಮಂಡಲಿಯ ಪ್ರಯೋಗಗಳ ತರುವಾಯವೇ. ಅಷ್ಟರಲ್ಲಿ ನಮ್ಮ ಹಳ್ಳಿಗರು ಇಲಿ ಸತ್ತೊಡನೆ ಹೊರಡುವುದನ್ನು ರೂಢಿ ಮಾಡಿಕೊಂಡಾಗಿದ್ದಿತು. ಹಿರಿಯರು ಇದನ್ನು ದೇವಿಯ ಮುನಿಸೆಂದೇ ನಂಬಿ ಪ್ಲೇಗಮ್ಮನ ಗುಡಿಗಳನ್ನು ಕಟ್ಟಿಸಿ ಮೊಸರನ್ನ ನೈವೇದ್ಯ ಮಾಡಿಸುತ್ತಿದ್ದರು. ಆದರೂ ಒಮ್ಮೆ ಅನುಭವಕ್ಕೆ ಬಂದ ಮೇಲೆ ಹೊರಡುವ ಸಮಯವನ್ನು ಮಕ್ಕಳಿಗಿಂತ ಮೊದಲು ಗುರುತಿಸುವವರೂ ಅವರೇ ಆದರು. ವಿಳಂಬಿಯಲ್ಲಿ ಹೊಸ್ತಿಲು ದಾಟಲು ಅತ್ತವರು ಮುಂದಿನ ವರ್ಷಗಳಲ್ಲಿ ಗಳು ಸೋಗೆಗಳನ್ನು ಮುಂಚಿತವಾಗಿಯೇ ಕೂಡಿಡುವಂತೆ ಹೇಳುತ್ತಿದ್ದರೆಂಬುದನ್ನು ಗಮನಿಸಿದರೆ, ಮುಪ್ಪಿನಲ್ಲಿ ಬುದ್ಧಿ ಬಗ್ಗದೆಂಬ ಮಾತು ಎಷ್ಟು ಪೊಳ್ಳೆಂಬುದು ತಿಳಿಯುತ್ತದೆ.

ಇನ್ನು ಲಸಿಕೆಯ ಸೂಜಿಯ ವಿಷಯ. ಹಾಫ್‌ಕಿನ್ ಮಹಾಶಯನು 1897ರ ಜನವರಿ 10ರಂದು ಮುಂಬಯಿಯಲ್ಲಿ ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ ಲಸಿಕೆಯನ್ನು ಮರುವರ್ಷ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಮಂದಿ ಹಾಕಿಸಿಕೊಂಡರು. ಒಂದೆರಡು ದಿನ ಜ್ವರ, ತೋಳು ಬಾವು. ಇದರಿಂದ ಮುದುಕರಿಗೆ ಅಂಜಿಕೆ ಸಹಜವೇ. ಅದಕ್ಕಿಂತ ಅವರನ್ನು ಹೆಚ್ಚು ನೋಯಿಸಿದ್ದು ಪ್ರಯಾಣದ ನಿರ್ಬಂಧ. ರೈಲು ನಿಲ್ದಾಣಗಳಲ್ಲಿ ವೈದ್ಯಪರೀಕ್ಷೆ, ಸೋಂಕಿನ ಊರಿನಿಂದ ಬಂದವರಿಗೆ ಪ್ಲೇಗ್ ಪಾಸ್‌ಪೋರ್ಟು, ಹೋದ ಊರಿನಲ್ಲಿ ಹಲವು ದಿನ ಅಧಿಕಾರಿಗಳ ಮುಂದೆ ಹಾಜರಿ. ಬೇರೆ ಊರಿಗೆ ಕೊಟ್ಟ ಮಗಳ ಬಾಣಂತಿತನಕ್ಕೆ ಹೋಗಬೇಕಾದ ತಾಯಿಗೆ ಈ ಹಾಜರಿಯ ಅವಮಾನವು ಹಾದಿಯ ಆಯಾಸಕ್ಕಿಂತ ಕಠಿಣವಾಗಿ ಕಂಡಿತು.

ಮರಳಿ ಬರುವುದೂ ಒಂದು ವಿಧಿಯೇ ಆಗಿದ್ದಿತು. ಹೆಂಚು ತೆಗೆಸಿ ಮನೆಯೊಳಕ್ಕೆ ಬಿಸಿಲು ಬಿಟ್ಟು, ಬಿಲಗಳನ್ನು ಮುಚ್ಚಿ, ಗೋಡೆಗೆ ಸುಣ್ಣ, ನೆಲಕ್ಕೆ ಸಗಣಿ. ಬೆಂಗಳೂರು ಪೇಟೆಯ ಅನೇಕರು ಮಾತ್ರ ಹಳೆಯ ಮನೆಗೆ ಮರಳಲೇ ಇಲ್ಲ. ಗೋಡೆಗೆ ಗೋಡೆ ತಾಗಿದ, ಬೆಳಕಿಲ್ಲದ ಕೋಣೆಗಳ ಪೇಟೆಯನ್ನು ಬಿಟ್ಟು ಅವರು ಆಗತಾನೆ ಮೈದಳೆಯುತ್ತಿದ್ದ ಬಸವನಗುಡಿ ಮಲ್ಲೇಶ್ವರಗಳ ಅಗಲವಾದ ಬೀದಿಗಳನ್ನು ಸೇರಿದರು. ಆರೋಗ್ಯದೃಷ್ಟಿಯಿಂದ ಅದು ಉತ್ತಮವಾದ ಬದಲಾವಣೆ. ಆದರೆ ಚಿಕ್ಕಪೇಟೆಯಲ್ಲಿ ಮೂರು ಹೆಜ್ಜೆಗೆ ಅಂಗಡಿ, ಆರು ಹೆಜ್ಜೆಗೆ ಗುಡಿ, ಎದುರು ಬಾಗಿಲಲ್ಲಿ ಬಾಲ್ಯದ ಗೆಳೆಯ ಎಂದು ಬಾಳಿದ ವೃದ್ಧನಿಗೆ ಆ ವಿಶಾಲವಾದ ನಿವೇಶನವು ಏಕಾಂತವಾಸವಾಗಿಯೇ ತೋರಿರಬೇಕು. ನಮ್ಮ ಬಡಾವಣೆಗಳ ಚರಿತ್ರೆಯಲ್ಲಿ ಈ ನಷ್ಟವನ್ನೂ ಜಮಾಖರ್ಚಿಗೆ ಸೇರಿಸಬೇಕೆಂದು ನಾನು ಭಾವಿಸುತ್ತೇನೆ.

1918ರ, ಕಾಳಯುಕ್ತಿ ಸಂವತ್ಸರದ, ಇನ್‌ಫ್ಲುಯೆಂಜಾ ಬೇರೆಯೇ ಬಗೆಯದು. ಊರು ಬಿಡಲು ಅದು ಅವಕಾಶ ಕೊಡಲಿಲ್ಲ. ಗಾಳಿಯೊಡನೆ ಬಂದು ಕೆಲವೇ ವಾರಗಳಲ್ಲಿ ಕೆಲಸ ಮುಗಿಸಿತು. ಆ ವರ್ಷ ಮಳೆಯೂ ಕೈಕೊಟ್ಟು ಧಾನ್ಯದ ಬೆಲೆ ಏರಿದ್ದಿತು. ಆ ಜ್ವರವು ಇಪ್ಪತ್ತರಿಂದ ನಾಲ್ವತ್ತರ ಪ್ರಾಯದವರನ್ನೇ ಹೆಚ್ಚಾಗಿ ಆಯ್ದುಕೊಂಡಿತು. ಹಿಂದೂಸ್ತಾನದ ಜನಸಂಖ್ಯೆ ಹಿಂದಿಗಿಂತ ಕುಗ್ಗಿದ ಖಾನೇಸುಮಾರಿ 1921ರದು. ಎಷ್ಟೋ ಮನೆಗಳಲ್ಲಿ ಮಗನೂ ಸೊಸೆಯೂ ಹೋಗಿ ಮುದುಕರೂ ಕೂಸುಗಳೂ ಉಳಿದರು. ಕೋಲೂರಿಕೊಂಡು ನಡೆಯುವ ವಯಸ್ಸಿನಲ್ಲಿ ನೇಗಿಲು ಹಿಡಿದ ತಾತಂದಿರು, ಮೊಮ್ಮಗುವಿಗೆ ಹಸುವಿನ ಹಾಲೆರೆದು ಸಾಕಿದ ಅಜ್ಜಿಯರು ಒಂದು ತಲೆಮಾರನ್ನು ಉಳಿಸಿಕೊಟ್ಟರು. ಅವರ ಹೆಸರಿನಲ್ಲಿ ಒಂದು ಕಲ್ಲನ್ನಾಗಲಿ ಕಟ್ಟೆಯನ್ನಾಗಲಿ ನಾನು ಕಂಡಿಲ್ಲ.

ವಿಳಂಬಿಯಿಂದ ನೂರಿಪ್ಪತ್ತೆರಡು ವರ್ಷಗಳ ತರುವಾಯ, ಶಾರ್ವರಿ ಸಂವತ್ಸರದ ಯುಗಾದಿಯ ದಿನ, 2020ರ ಮಾರ್ಚ್ 25ರಂದು, ಕೊರೋನಾ ಪಿಡುಗಿಗೆ ಅಂಜಿ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಜಾರಿಗೆ ಬಂದ ಕಾನೂನುಗಳಲ್ಲಿ ಒಂದು ಪ್ಲೇಗಿನ ಕಾಲದ 1897ರ ಕಾಯಿದೆಯೇ. ಆದರೆ ಆಜ್ಞೆಯ ದಿಕ್ಕು ವಿಪರೀತವಾಗಿದ್ದಿತು: ಅಂದು ಹಿರಿಯರನ್ನು ಮನೆಯಿಂದ ಹೊರಡಿಸಿದರು, ಈ ಬಾರಿ 65 ವರ್ಷ ಮೀರಿದವರು ಮನೆಯಲ್ಲಿಯೇ ಇರಬೇಕೆಂದು ಸೂಚಿಸಿದರು. ಅಂದಿನ ಸಂಕಟವು ಚಳಿಯದು, ನೀರಿನದು, ಮಡಿಯದು. ಈ ಬಾರಿಯದು ಮೊಮ್ಮಕ್ಕಳನ್ನು ಬಾಗಿಲಾಚೆ ನಿಲ್ಲಿಸಿ ಮಾತನಾಡಿಸಬೇಕಾದ ಸಂಕಟ, ಉದ್ಯಾನದ ಬೆಂಚು ತಪ್ಪಿದ ಸಂಕಟ, ಪರದೇಶದ ಮಗನ ಮುಖವನ್ನು ಫೋನಿನ ಗಾಜಿನಲ್ಲಿ ಕಂಡೇ ತೃಪ್ತಿಪಡಬೇಕಾದ ಸಂಕಟ. 2021ರ ಮಾರ್ಚ್ 1ರಿಂದ ಅರುವತ್ತು ದಾಟಿದವರಿಗೆ ಲಸಿಕೆ ದೊರೆತಾಗ, ವರ್ಷದ ಬಳಿಕ ಮೊದಲ ಬಾರಿ ಮನೆಯಿಂದ ಹೊರಬಂದವರೂ ಆ ಸಾಲಿನಲ್ಲಿದ್ದರು.

ವಿಳಂಬಿಯ ಹಿರಿಯರಲ್ಲಿ ಬಹುಮಂದಿಗೆ ಅಕ್ಷರ ಬಾರದು; ಬಂದವರಲ್ಲಿಯೂ ತಮ್ಮ ದಿನಚರಿ ಬರೆದಿಡಬೇಕೆಂದು ತೋರಿದವರು ವಿರಳ. ಆದಕಾರಣ ಅವರ ಚಳಿಯನ್ನೂ ಅವರ ಅವರೆಕಾಯಿಯನ್ನೂ ನಾವು ಊಹೆಯಿಂದ ಕಟ್ಟಿಕೊಳ್ಳಬೇಕಾಗಿದೆ. ಶಾರ್ವರಿಯ ಹಿರಿಯರಾದರೋ ಇನ್ನೂ ನಮ್ಮ ನಡುವೆ ಇದ್ದಾರೆ. ಆ ತಿಂಗಳುಗಳಲ್ಲಿ ಅವರು ಏನು ಉಂಡರು, ಯಾರಿಗಾಗಿ ಕಾದರು, ಯಾವ ಸಾವಿಗೆ ಹೋಗಲಾರದೆ ಉಳಿದರು, ಯಾವ ದಿನ ನಕ್ಕರು ಎಂಬುದನ್ನು ಓದುಗರು ತಮ್ಮ ತಮ್ಮ ಮನೆಗಳಲ್ಲಿ ಕೇಳಿ, ಅವರ ಮಾತಿನಲ್ಲಿಯೇ, ತಿದ್ದದೆ ಬರೆದಿಡಬೇಕೆಂದು ಪ್ರಾರ್ಥಿಸುತ್ತೇನೆ. ಈ ಕೆಲಸಕ್ಕೆ ಉಳಿದಿರುವ ಕಾಲ ಹೆಚ್ಚಿಲ್ಲ.