ಮೂರು ವೈರಿ, ಒಂದು ಕೋಟೆ (ನಮ್ಮೂರ ಇತಿಹಾಸ: ಭಾಗ 4)

ಧಾರವಾಡ ಕೋಟೆಯ ಉಳಿದಿರೋ ಬಾಗಿಲ ಮುಂದ ಸೆಲ್ಫಿ ತಗೊಂಡೀರಿ. ಅದು ಯಾರನ್ನ ತಡೆದಿತ್ತು ಗೊತ್ತೇನ್ರಿ?

1785ರಲ್ಲಿ ಟಿಪ್ಪು ಸುಲ್ತಾನ್ ನರಗುಂದ ಗೆದ್ದ. ಹೌದು, ನವಲಗುಂದ ದಾಟಿದ್ರ ಸಿಗೋ ಅದೇ ನರಗುಂದ. ಸಿಟ್ಟಾದ ಮರಾಠರು ನಿಜಾಮನ ಜೊತೆ ಸೇರಿ ಯುದ್ಧಕ್ಕ ಬಂದರು. 1787ರ ಗಜೇಂದ್ರಗಡ ಒಪ್ಪಂದದಲ್ಲಿ ಟಿಪ್ಪು ಬಾದಾಮಿ, ಕಿತ್ತೂರು, ನರಗುಂದ ಬಿಟ್ಟುಕೊಟ್ಟ, ಧಾರವಾಡ ಇಟ್ಟುಕೊಂಡ.

ರಾಜಿ ಆಯ್ತು, ನಂಬಿಕೆ ಬೆಳೀಲಿಲ್ಲ. ಟಿಪ್ಪು ದೂರದ ಗೆಳೆಯರನ್ನ ಹುಡುಕಿದ. 1786ರಲ್ಲಿ ತುರ್ಕಿಗೆ, 1787ರಲ್ಲಿ ಫ್ರಾನ್ಸಿಗೆ ರಾಯಭಾರಿಗಳು ಹೊರಟರು. 1788ರಲ್ಲಿ 16ನೇ ಲೂಯಿ ಅವರನ್ನ ಬರಮಾಡಿಕೊಂಡ, ಸೈನ್ಯ ಕೊಡಲಿಲ್ಲ. ಮರುವರ್ಷ ಅಲ್ಲೇ ಕ್ರಾಂತಿ!

1789ರ ಕೊನೆಗೆ ಟಿಪ್ಪು ತಿರುವಾಂಕೂರಿನ ಮೇಲೆ ದಾಳಿ ಮಾಡಿದ. 1790ರಲ್ಲಿ ಇಂಗ್ಲಿಷ್ ಕಂಪನಿ, ಪೇಶ್ವೆ, ನಿಜಾಮ ಮೂವರೂ ಒಂದಾದರು.

ಈಗ ನಮ್ಮ ಕೋಟೆ ಸರದಿ. ಒಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. ಹೊರಗೆ ಪರಶುರಾಮ ಭಾವು, ಜೊತೆಗೆ ಕಂಪನಿ ಪಡೆ. 1790ರ ಸೆಪ್ಟೆಂಬರ್‌ನಿಂದ 1791ರ ಏಪ್ರಿಲ್ ತನಕ ಕೋಟೆ ಬಗ್ಗಲಿಲ್ಲ! ಭಾವು ಇಲ್ಲೇ ಸಿಕ್ಕಿಬಿದ್ದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಮುಟ್ಟಿದ ಕಾರ್ನ್‌ವಾಲಿಸ್, ದವಸಧಾನ್ಯ ಇಲ್ಲದೆ ದೊಡ್ಡ ತೋಪು ಒಡೆದುಹಾಕಿ ಹಿಂದೆ ಸರಿದ. ಮರಾಠರು ಬಂದು ಕೂಡಿದ್ದು ಆಮೇಲೆ.

ಆದ್ರ ಕೋಟೆ ಕೊಟ್ಟದ್ದು ಸಮಯ ಅಷ್ಟೇ. 1792ರಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನ ಒತ್ತೆ ಇಟ್ಟ. ಧಾರವಾಡ ಮರಾಠರಿಗೆ ಹೋಯ್ತು. ಗೆದ್ದವರದ್ದೂ ಬಹಳ ದಿನ ನಡೀಲಿಲ್ಲ: 1818ರ ಹೊತ್ತಿಗೆ ಪೇಶ್ವೆಯ ಆಳ್ವಿಕೆಯೇ ಮುಗಿದು ಕೋಟೆ ಕಂಪನಿ ಪಾಲಾಗಿತ್ತು.

ನನಗನಿಸೋದು: ಟಿಪ್ಪುಗೆ ಪ್ಯಾರಿಸ್‌ಗಿಂತ ಪುಣೆಯ ಸ್ನೇಹ ಹೆಚ್ಚು ಬೇಕಿತ್ತು, ಪುಣೆಗೂ ಟಿಪ್ಪು ಬೇಕಿದ್ದ. ನೀವೇನಂತೀರಿ? ಕಾಮೆಂಟ್‌ನ್ಯಾಗ ಬರೀರಿ.

#ನಮ್ಮಧಾರವಾಡ #ನಮ್ಮೂರಇತಿಹಾಸ