ಕಾಲು ಕಳೆದುಕೊಂಡ ಹಾಡುಗಾರ

ಪಶ್ಚಿಮ ಆಫ್ರಿಕಾದ ಗಿನಿ ದೇಶದಲ್ಲಿ ನ್ಯಾಗಸ್ಸೊಲಾ ಎಂಬುದೊಂದು ಹಳ್ಳಿ. ಅಲ್ಲಿಯ ಕುಯಾಟೆ ಮನೆತನದವರು ತಲೆತಲಾಂತರದಿಂದ ಒಂದು ವಾದ್ಯವನ್ನು ಕಾಪಾಡಿಕೊಂಡು ಬಂದಿದ್ದಾರೆ. ಅದರ ಹೆಸರು ಸೊಸ್ಸೊ ಬಾಲಾ. ಬಾಲಾಫೋನ್ ಜಾತಿಯದು, ಒಂದೂವರೆ ಮೀಟರ್ ಉದ್ದ, 20 ಮರದ ಪಟ್ಟಿಗಳು, ಅವುಗಳ ಕೆಳಗೆ ಸೋರೆಬುರುಡೆಗಳು. ನಮ್ಮ ತಂಬೂರಿಗೂ ನಾದ ಕೊಡುವುದು ಸೋರೆಬುರುಡೆಯೇ ಅಲ್ಲವೆ? ಬಾಲಾಫೋನಿನ ಬುರುಡೆಗೆ ತೂತು ಕೊರೆದು ಹಿಂದೆ ಜೇಡನ ಮೊಟ್ಟೆಗೂಡಿನ ಪೊರೆ ಅಂಟಿಸುತ್ತಿದ್ದರು. ಝೇಂಕಾರ ಬರುವುದು ಅದರಿಂದ.

ಈ ವಾದ್ಯ ಮೊದಲು ಸೊಸ್ಸೊ ದೊರೆ ಸುಮಾಂಗುರು ಕಾಂಟೆಯದು. ಬೇರೆಯವರು ಮುಟ್ಟುವಂತಿರಲಿಲ್ಲ. ಅವನಿಲ್ಲದಾಗ ಬಾಲಾ ಫಾಸೆಕೆ ಕುಯಾಟೆ ಎಂಬ ಹಾಡುಗಾರ ಅದನ್ನು ನುಡಿಸಿಬಿಟ್ಟನಂತೆ. ಸಿಟ್ಟಿನಿಂದ ಬಂದ ದೊರೆ, ಹಾಡುಗಾರ ಕಟ್ಟಿ ಹಾಡಿದ ಹೊಗಳಿಕೆಗೆ ಕರಗಿದ. ಆದರೆ ಬಿಟ್ಟುಹೋಗದಂತೆ ಅವನ ಹಿಮ್ಮಡಿಯ ನರ ಕತ್ತರಿಸಿದ ಎನ್ನುತ್ತದೆ ಕಥೆ. ಮೆಚ್ಚಿದ್ದನ್ನು ಕಟ್ಟಿಹಾಕುವ ಈ ಬಗೆ ಹೆಂಗಸರಾದ ನಮಗೆ ಹೊಸದೇನಲ್ಲ.

1235ರ ಸುಮಾರಿಗೆ ಕಿರಿನಾ ಯುದ್ಧದಲ್ಲಿ ಸುಂಡಿಯಾಟಾ ಗೆದ್ದು ಮಾಲಿ ಸಾಮ್ರಾಜ್ಯ ಕಟ್ಟಿದ. ವಾದ್ಯ ಕುಯಾಟೆಗಳ ಪಾಲಾಯಿತು. ಮನೆಯ ಹಿರಿಯ ಕೆಲವೇ ವಿಶೇಷ ದಿನಗಳಲ್ಲಿ ಅದನ್ನು ನುಡಿಸುತ್ತಾನೆ. ಏಳು ವರ್ಷ ತುಂಬಿದ ಮಕ್ಕಳಿಗೆ ಬಾಲಾಫೋನ್ ಪಾಠ ಹೇಳುತ್ತಾನೆ. ಇಂಥ ಹಾಡುಗಾರ ಕುಲಗಳಲ್ಲಿ ವಾದ್ಯ ಗಂಡಸರದು. ಹೆಂಗಸರದು ಹಾಡು, ತಾಳಕ್ಕೊಂದು ಕಬ್ಬಿಣದ ಕೊಳವೆ. ಮನೆತನಗಳ ಹೊಗಳಿಕೆ, ಹಳೆಯ ಹೆಸರುಗಳು ಅವರ ಗಂಟಲಲ್ಲಿ ಉಳಿದಿವೆ.

2001ರಲ್ಲಿ ಯುನೆಸ್ಕೊ ಸೊಸ್ಸೊ ಬಾಲಾವನ್ನು ಗೌರವಿಸಿತು. ಆದರೆ ಹಳ್ಳಿಯ ಹುಡುಗರು ಪಟ್ಟಣದ ದಾರಿ ಹಿಡಿಯುತ್ತಿದ್ದಾರೆ. ಅವರ ಕಾಲು ಕಟ್ಟುವವರು ಯಾರೂ ಇಲ್ಲ, ಕಟ್ಟಲೂಬಾರದು. ಕಲಿತ ಹಾಡು ಅವರ ಜೊತೆ ಹೋದರೆ ಸಾಕು.