ಗುರಿ ರೈಫಲಿನ ಟ್ರಿಗರ್: ನಿರ್ವಹಣೆ ಮತ್ತು ದೋಷಪತ್ತೆ

ಸ್ಪರ್ಧೆಗೆ ಬಳಸುವ ರೈಫಲಿನಲ್ಲಿ ಶೂಟರ್‌ನ ಬೆರಳಿನ ಒತ್ತಡಕ್ಕೆ ಹ್ಯಾಮರನ್ನೋ ಸ್ಟ್ರೈಕರನ್ನೋ ಬಿಡುಗಡೆ ಮಾಡುವ ಯಂತ್ರಭಾಗವೇ ಟ್ರಿಗರ್. ಬೇಟೆಯ ಕೋವಿಯ ಟ್ರಿಗರ್ ಎಳೆಯಲು ಸಾಮಾನ್ಯವಾಗಿ ಒಂದೂವರೆ ಕಿಲೋಗೂ ಹೆಚ್ಚು ಬಲ ಬೇಕು. 10 ಮೀಟರ್ ಏರ್ ರೈಫಲಿಗೆ 100 ಗ್ರಾಮಿನ ಆಸುಪಾಸು ಸಾಕು. ಏರ್ ರೈಫಲಿನ ಗುರಿಯಲ್ಲಿ ಹತ್ತರ ಚುಕ್ಕೆಯ ವ್ಯಾಸ ಕೇವಲ 0.5 ಮಿ.ಮೀ. ಅಲ್ಲಿಂದ ಪ್ರತಿ 2.5 ಮಿ.ಮೀ. ಆಚೆಗೆ ಒಂದೊಂದು ಅಂಕ ಇಳಿಯುತ್ತದೆ. ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವೆ ಮುಕ್ಕಾಲು ಮೀಟರ್ ಅಂತರವಿದೆ ಎನ್ನೋಣ. ಟ್ರಿಗರ್ ಒತ್ತುವಾಗ ಮುಂದಿನ ಸೈಟ್ 0.2 ಮಿ.ಮೀ. ಸರಿದರೆ ಪೆಲೆಟ್ ಸುಮಾರು 2.7 ಮಿ.ಮೀ. ಪಕ್ಕಕ್ಕೆ ಬೀಳುತ್ತದೆ, ಅಂದರೆ ಒಂದು ಅಂಕ ಹೋಯಿತು. ಆದ್ದರಿಂದ ಟ್ರಿಗರ್ ಎಷ್ಟು ಹಗುರ ಎನ್ನುವುದಕ್ಕಿಂತ ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಒತ್ತಡಕ್ಕೆ ಬಿಡುತ್ತದೆಯೇ ಎನ್ನುವುದು ಮುಖ್ಯ. ಈ ಏಕರೂಪತೆಯನ್ನು ಹೆಚ್ಚಾಗಿ ಕೆಡಿಸುವುದು ನಾಲ್ಕು: ಧೂಳು, ಗಟ್ಟಿಯಾದ ಎಣ್ಣೆ, ಸಡಿಲವಾದ ಸ್ಕ್ರೂ ಮತ್ತು ಅತಿಯಾದ ಹೊಂದಾಣಿಕೆ.

ರಚನೆ

ಟ್ರಿಗರ್‌ನ ಹೃದಯಭಾಗ ಸಿಯರ್. ಹ್ಯಾಮರನ್ನು ಸ್ಪ್ರಿಂಗಿನ ಒತ್ತಡಕ್ಕೆ ವಿರುದ್ಧವಾಗಿ ತಡೆದು ಹಿಡಿಯುವ ಚಿಕ್ಕ ಉಕ್ಕಿನ ತುಂಡು ಇದು. ಸಿಯರ್‌ನ ಅಂಚು ಹ್ಯಾಮರ್‌ನ ಮೆಟ್ಟಿಲ ಮೇಲೆ ಕೂತಿರುತ್ತದೆ. ಬೆರಳು ಒತ್ತಿದಾಗ ಅಂಚು ಜಾರುತ್ತದೆ, ಹ್ಯಾಮರ್ ಮುಂದಕ್ಕೆ ಹಾರುತ್ತದೆ. ಒತ್ತಿದ ಗಾಳಿಯ ಏರ್ ರೈಫಲಿನಲ್ಲಿ ಅದು ವಾಲ್ವ್ ತೆರೆದು ಪೆಲೆಟ್ಟನ್ನು ಸೆಕೆಂಡಿಗೆ ಸುಮಾರು 170 ಮೀಟರ್ ವೇಗದಲ್ಲಿ ತಳ್ಳುತ್ತದೆ. .22 ರೈಫಲಿನಲ್ಲಿ ಸ್ಟ್ರೈಕರ್ ತೋಟೆಯ ಅಂಚಿಗೆ ಬಡಿಯುತ್ತದೆ.

ಸ್ಪರ್ಧಾ ರೈಫಲಿನ ಟ್ರಿಗರ್‌ಗಳು ಹೆಚ್ಚಾಗಿ ಎರಡು ಹಂತದವು. ಮೊದಲ ಹಂತದಲ್ಲಿ ಬ್ಲೇಡ್, ಅಂದರೆ ಬೆರಳು ಒತ್ತುವ ಭಾಗ, ಹಗುರವಾಗಿ ಕೆಲವು ಮಿಲಿಮೀಟರ್ ಹಿಂದಕ್ಕೆ ಬರುತ್ತದೆ. ಆಮೇಲೆ ಬೆರಳಿಗೆ ಒಂದು ತಡೆ ಸಿಗುತ್ತದೆ. ಆ ತಡೆಯ ಮೇಲೆ ಸ್ವಲ್ಪ ಒತ್ತಡ ಹೆಚ್ಚಿಸಿದರೆ ಗುಂಡು ಹಾರುತ್ತದೆ. ನಂತರ ಬ್ಲೇಡ್ ಹೆಚ್ಚು ಹಿಂದೆ ಹೋಗದಂತೆ ಒಂದು ಸ್ಟಾಪ್ ಸ್ಕ್ರೂ ತಡೆಯುತ್ತದೆ. ಬ್ರಿಟಿಷ್ ಕಾಲದ .303 ಲೀ-ಎನ್‌ಫೀಲ್ಡ್ ರೈಫಲಿನಲ್ಲೂ ಎರಡು ಹಂತದ ಟ್ರಿಗರೇ ಇತ್ತು, ಆದರೆ ಅದರ ಎಳೆತ ಸೈನಿಕರ ಬಳಕೆಗೆ ತಕ್ಕಂತೆ ಭಾರ. ಜರ್ಮನಿಯ ಉಲ್ಮ್ ನಗರದ ಆನ್‌ಶುಟ್ಜ್ ಮತ್ತು ವಾಲ್ಥರ್, ಓಬರ್ನ್‌ಡಾರ್ಫಿನ ಫೈನ್‌ವೆರ್ಕ್‌ಬಾವ್ ಕಂಪನಿಗಳ ರೈಫಲ್‌ಗಳು ಭಾರತದ ರೇಂಜ್‌ಗಳಲ್ಲಿ ಹೆಚ್ಚು ಕಾಣಸಿಗುತ್ತವೆ. ಇವುಗಳಲ್ಲಿ ಮೊದಲ ಹಂತದ ತೂಕ, ಅದರ ಓಟ, ಎರಡನೇ ಹಂತದ ತೂಕ, ಸಿಯರ್‌ನ ಹಿಡಿತ, ಸ್ಟಾಪ್ ಮತ್ತು ಬ್ಲೇಡಿನ ಸ್ಥಾನ ಇವೆಲ್ಲಕ್ಕೂ ಸಾಮಾನ್ಯವಾಗಿ ಬೇರೆ ಬೇರೆ ಸ್ಕ್ರೂಗಳಿರುತ್ತವೆ.

ಸ್ಪರ್ಧಾ ನಿಯಮ

ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ 10 ಮೀಟರ್ ಏರ್ ರೈಫಲಿಗೂ 50 ಮೀಟರ್ ರೈಫಲಿಗೂ ಟ್ರಿಗರ್‌ನ ಕನಿಷ್ಠ ತೂಕದ ಮಿತಿ ಇಲ್ಲ. 300 ಮೀಟರ್ ಸ್ಟ್ಯಾಂಡರ್ಡ್ ರೈಫಲಿಗೆ 1500 ಗ್ರಾಂ, 10 ಮೀಟರ್ ಏರ್ ಪಿಸ್ತೂಲಿಗೆ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ ಕನಿಷ್ಠ. ನಳಿಗೆಯನ್ನು ನೇರ ಮೇಲ್ಮುಖವಾಗಿ ಹಿಡಿದು, ಟ್ರಿಗರ್‌ಗೆ ತೂಕದ ಬಟ್ಟು ನೇತುಹಾಕಿ ಎತ್ತಿ ಪರೀಕ್ಷಿಸುತ್ತಾರೆ.

ಹೊಂದಾಣಿಕೆ

ಕೆಲಸಕ್ಕೆ ಮೊದಲು ರೈಫಲ್ ಖಾಲಿ ಇರುವುದನ್ನು ಕಣ್ಣಾರೆ ನೋಡಿ ಖಚಿತಪಡಿಸಿಕೊಳ್ಳಬೇಕು. ಪೆಲೆಟ್ ಡಬ್ಬಿ, ತೋಟೆಗಳು ಆ ಕೋಣೆಯಲ್ಲೇ ಇರಬಾರದು. ಈಗಿನ ಸೆಟ್ಟಿಂಗನ್ನು ಬರೆದಿಟ್ಟುಕೊಳ್ಳುವುದು ಮುಂದಿನ ಹೆಜ್ಜೆ: ಯಾವ ಸ್ಕ್ರೂ, ಎಷ್ಟು ಸುತ್ತು, ಯಾವ ದಿಕ್ಕು. ಒಂದು ಸಲಕ್ಕೆ ಒಂದೇ ಸ್ಕ್ರೂ, ಅದೂ ಕಾಲು ಸುತ್ತಿಗಿಂತ ಹೆಚ್ಚಿಲ್ಲದಂತೆ ತಿರುಗಿಸಿ, ಹತ್ತು ಸಲ ಡ್ರೈ ಫೈರಿಂಗ್ (ಗುಂಡಿಲ್ಲದೆ ಟ್ರಿಗರ್ ಒತ್ತುವುದು) ಮಾಡಿ ನೋಡಬೇಕು. ಎರಡು ಸ್ಕ್ರೂ ಒಟ್ಟಿಗೆ ತಿರುಗಿಸಿದವನಿಗೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ.

ಮೊದಲು ಬ್ಲೇಡಿನ ಸ್ಥಾನ ಸರಿಮಾಡಬೇಕು. ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆಯ ಭಾಗ ಬ್ಲೇಡಿನ ಮೇಲೆ ಕೂರಬೇಕು, ಬೆರಳಿನ ಉಳಿದ ಭಾಗ ಸ್ಟಾಕಿಗೆ ತಾಗಬಾರದು. ಆಮೇಲೆ ಸಿಯರ್ ಹಿಡಿತ, ನಂತರ ತೂಕ, ಕೊನೆಗೆ ಸ್ಟಾಪ್. ಮೊದಲ ಹಂತ ಒಟ್ಟು ತೂಕದ ಅರ್ಧದಿಂದ ಮೂರನೇ ಎರಡು ಭಾಗದಷ್ಟಿದ್ದರೆ ತಡೆ ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಹೊಸಬರಿಗೆ ತೂಕ ತುಸು ಹೆಚ್ಚೇ ಇರಲಿ. ತೀರ ಹಗುರ ಟ್ರಿಗರ್‌ನಲ್ಲಿ ಗುರಿ ಕೂಡುವ ಮೊದಲೇ ಗುಂಡು ಹೋಗುತ್ತದೆ, ಬೆರಳಿಗೆ ಹೆದರಿಕೆ ಅಂಟಿಕೊಳ್ಳುತ್ತದೆ.

ಹೊಂದಾಣಿಕೆ ಮುಗಿದ ಮೇಲೆ ಸುರಕ್ಷತಾ ಪರೀಕ್ಷೆ ಕಡ್ಡಾಯ. ಖಾಲಿ ರೈಫಲನ್ನು ಕಾಕ್ ಮಾಡಿ (ಹ್ಯಾಮರ್ ಸಿಯರ್‌ಗೆ ಸಿಕ್ಕಿ ನಿಲ್ಲುವಂತೆ ಮಾಡಿ), ಬೋಲ್ಟನ್ನು ಬಲವಾಗಿ ಹಲವು ಸಲ ಮುಚ್ಚಬೇಕು. ರೈಫಲಿನ ಬಟ್ಟನ್ನು (ಹೆಗಲಿಗೆ ಒರಗುವ ಹಿಂಭಾಗವನ್ನು) ರಬ್ಬರ್ ಮ್ಯಾಟಿನ ಮೇಲೆ ತಟ್ಟಬೇಕು. ಒಂದೇ ಒಂದು ಸಲ ಹ್ಯಾಮರ್ ತಾನಾಗಿ ಬಿದ್ದರೂ ಸಿಯರ್‌ನ ಹಿಡಿತ ಸಾಲದು ಎಂದೇ ಅರ್ಥ. ಅಂತಹ ರೈಫಲನ್ನು ಫೈರಿಂಗ್ ಲೈನಿಗೆ ತರಬಾರದು.

ದಿನನಿತ್ಯದ ನಿರ್ವಹಣೆ

ಟ್ರಿಗರ್ ಮೂಲತಃ ಒಣಗಿದ್ದಷ್ಟೂ ಒಳ್ಳೆಯದು. ಮನೆಯಲ್ಲಿ ಬಾಗಿಲ ಕೀಲಿಗೆ, ಸೈಕಲ್ ಚೈನಿಗೆ ಹೊಡೆಯುವ ಸ್ಪ್ರೇ ಎಣ್ಣೆ ಟ್ರಿಗರ್‌ಗೆ ಶತ್ರು. ಅದು ಒಣಗಿ ಜಿಗುಟು ಪೊರೆಯಾಗುತ್ತದೆ, ಆ ಪೊರೆಗೆ ಧೂಳು ಕೂರುತ್ತದೆ, ಸಿಯರ್ ಒಂದು ಸಲ ಬೇಗ, ಇನ್ನೊಂದು ಸಲ ತಡವಾಗಿ ಜಾರುತ್ತದೆ. ನಳಿಗೆ ಸ್ವಚ್ಛ ಮಾಡುವಾಗ ಬೋಲ್ಟ್ ಕಡೆಯಿಂದ ದ್ರಾವಣ ಟ್ರಿಗರ್ ಪೆಟ್ಟಿಗೆಗೆ ಇಳಿಯದಂತೆ ರೈಫಲನ್ನು ತಲೆಕೆಳಗಾಗಿ ಇಟ್ಟುಕೊಳ್ಳುವುದು ಹಳೆಯ ಶೂಟರ್‌ಗಳ ಪದ್ಧತಿ. ಧೂಳು ಸೇರಿದ್ದರೆ ಗಾಳಿ ಊದುವ ಬಲ್ಬ್ ಮತ್ತು ಮೆತ್ತನೆಯ ಬ್ರಷ್ ಸಾಕು. ಸಿಯರ್ ಮುಖಕ್ಕೆ ಗ್ರೀಸ್ ಹಾಕಬೇಕೇ, ಯಾವ ಗ್ರೀಸ್ ಎನ್ನುವುದನ್ನು ತಯಾರಕರ ಕೈಪಿಡಿ ಹೇಳುತ್ತದೆ. ಹೇಳಿದ್ದರೆ ಸೂಜಿಮೊನೆಯಷ್ಟು ಮಾತ್ರ.

ಸಿಯರ್ ಮುಖವನ್ನು ಮರಳು ಕಾಗದದಿಂದಲೋ ಸಾಣೆಕಲ್ಲಿನಿಂದಲೋ ಉಜ್ಜಿ ನಯಮಾಡುವುದು ದೊಡ್ಡ ತಪ್ಪು. ಅದರ ಮೇಲ್ಮೈಯಲ್ಲಿರುವುದು ಗಟ್ಟಿಗೊಳಿಸಿದ ಉಕ್ಕಿನ ತೆಳು ಪದರ. ಅದು ಹೋದರೆ ಅಂಚು ಬೇಗ ಸವೆಯುತ್ತದೆ, ಕೋನ ಕೆಡುತ್ತದೆ, ಹಿಡಿತ ನಂಬಿಕೆಗೆ ಬಾರದಂತಾಗುತ್ತದೆ.

ಏರ್ ರೈಫಲ್‌ಗಳಲ್ಲಿ ಗಾಳಿ ಬಿಡದೆಯೇ ಡ್ರೈ ಫೈರಿಂಗ್ ಮಾಡಲು ವ್ಯವಸ್ಥೆ ಇರುತ್ತದೆ. .22 ರೈಫಲಿನಲ್ಲಿ ಖಾಲಿ ಹೊಡೆದರೆ ಸ್ಟ್ರೈಕರ್‌ನ ಮೊನೆ ಚೇಂಬರಿನ ಅಂಚಿಗೆ ಬಡಿದು ಪೆಟ್ಟಾಗಬಹುದು. ಅದಕ್ಕೆ ಖಾಲಿ ತೋಟೆ ಚಿಪ್ಪನ್ನೋ ಸ್ನ್ಯಾಪ್ ಕ್ಯಾಪ್ ಎಂಬ ನಕಲಿ ತೋಟೆಯನ್ನೋ ಇಟ್ಟು ಅಭ್ಯಾಸ ಮಾಡುವುದು ಸುರಕ್ಷಿತ.

ದೋಷಪತ್ತೆ

ರೈಫಲ್ ಕಾಕ್ ಆಗದಿದ್ದರೆ: ಸಿಯರ್ ಹಿಡಿತದ ಸ್ಕ್ರೂವನ್ನು ತೀರ ಕಡಿಮೆ ಮಾಡಿರಬಹುದು, ಮೊದಲ ಹಂತದ ಓಟ ಪೂರ್ತಿ ತೆಗೆದಿರಬಹುದು, ಇಲ್ಲವೆ ಟ್ರಿಗರ್ ಹಿಂದಿರುಗಿಸುವ ಸ್ಪ್ರಿಂಗ್ ಜಾಗ ತಪ್ಪಿರಬಹುದು. ಬರೆದಿಟ್ಟ ಹಳೆಯ ಸೆಟ್ಟಿಂಗಿಗೆ ಮರಳಿ ನೋಡಿದರೆ ಕಾರಣ ಹೊರಬರುತ್ತದೆ.

ಬ್ಲೇಡ್ ಒತ್ತಿದರೂ ಗುಂಡು ಹಾರದಿದ್ದರೆ: ಹೆಚ್ಚಾಗಿ ಸ್ಟಾಪ್ ಸ್ಕ್ರೂ ಒಳಗೆ ಹೋಗಿರುತ್ತದೆ. ಸಿಯರ್ ಜಾರುವ ಮೊದಲೇ ಬ್ಲೇಡ್ ಸ್ಟಾಪಿಗೆ ತಾಗಿ ನಿಲ್ಲುತ್ತದೆ. ಕಾಲು ಸುತ್ತಿನಂತೆ ಹೊರಗೆ ತಿರುಗಿಸುತ್ತ ಹೋದರೆ ಸರಿಯಾಗುತ್ತದೆ.

ಎರಡನೇ ಹಂತದ ತಡೆ ಮಾಯವಾದರೆ: ಹಿಡಿತದ ಸ್ಕ್ರೂ ತಾನಾಗಿ ತಿರುಗಿರುತ್ತದೆ, ಅಥವಾ ಮೊದಲ ಹಂತದ ಓಟ ಹೆಚ್ಚಾಗಿ ಎರಡನೆಯದನ್ನು ನುಂಗಿರುತ್ತದೆ. ತಡೆಯಿಲ್ಲದ ಎರಡು ಹಂತದ ಟ್ರಿಗರ್ ಅಪಾಯಕಾರಿ.

ತಡೆಯ ಮೇಲೆ ಒತ್ತಿದಾಗ ಬ್ಲೇಡ್ ಕರಕರ ಜಾರಿದರೆ: ಹಿಡಿತ ಹೆಚ್ಚಿದೆ, ಇಲ್ಲವೆ ಸಿಯರ್ ಮುಖದಲ್ಲಿ ಕಸ ಕೂತಿದೆ. ಮೊದಲು ಸ್ವಚ್ಛ ಮಾಡಿ, ಆಮೇಲೆ ಸ್ಕ್ರೂ ಮುಟ್ಟಬೇಕು. ಈ ಕ್ರಮ ತಲೆಕೆಳಗಾದರೆ, ಕಸ ಹೋದ ದಿನ ಹಿಡಿತ ಸಾಲದೆ ರೈಫಲ್ ತಾನಾಗಿ ಬಿಡುತ್ತದೆ.

ತೂಕ ಒಂದೊಂದು ಸಲ ಒಂದೊಂದು ರೀತಿ ಬಂದರೆ: ಟ್ರಿಗರ್ ಗೇಜಿನಿಂದ ಹತ್ತು ಸಲ ಅಳೆದು ಬರೆಯಬೇಕು. ಅಂಕಿಗಳು ಚದುರಿದ್ದರೆ ದೋಷ ಟ್ರಿಗರಿನದು. ಅಂಕಿಗಳು ಒತ್ತೊತ್ತಾಗಿದ್ದೂ ಗುರಿಯಲ್ಲಿ ಪೆಲೆಟ್ ಚದುರಿದರೆ ದೋಷವನ್ನು ಬೆರಳು, ಉಸಿರು, ನಿಲುವಿನಲ್ಲಿ ಹುಡುಕಬೇಕು. ಕೋಚ್‌ಗಳು ಇದೇ ಕಾರಣಕ್ಕೆ ಅದೇ ರೈಫಲನ್ನು ಇನ್ನೊಬ್ಬ ಶೂಟರ್ ಕೈಗೆ ಕೊಟ್ಟು ನೋಡುತ್ತಾರೆ.

ಟ್ರಿಗರ್ ಘಟಕವೇ ಅಲುಗಿದರೆ: ಅದನ್ನು ಆಕ್ಷನ್‌ಗೆ ಬಿಗಿಯುವ ಸ್ಕ್ರೂ ಸಡಿಲವಾಗಿದೆ. ಬ್ಲೇಡನ್ನು ಕಂಬಿಗೆ ಹಿಡಿದಿಡುವ ಸಣ್ಣ ಆಲನ್ ಸ್ಕ್ರೂ ಸಡಿಲವಾಗುವುದೂ ಉಂಟು; ಆಗ ಬ್ಲೇಡ್ ಗೊತ್ತಿಲ್ಲದಂತೆ ತುಸು ಓರೆಯಾಗುತ್ತದೆ.

ಎಲೆಕ್ಟ್ರಾನಿಕ್ ಟ್ರಿಗರ್‌ನಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿ, ನಂತರ ಸಂಪರ್ಕ ಬಿಂದುಗಳು.

ಬೆಂಗಳೂರು ಮತ್ತು ಕರ್ನಾಟಕದಲ್ಲಿ

ಭಾರತೀಯ ರಾಷ್ಟ್ರೀಯ ರೈಫಲ್ ಸಂಸ್ಥೆ 1951ರಲ್ಲಿ ಸ್ಥಾಪನೆಯಾಯಿತು. ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಅದರ ಮೊದಲ ಅಧ್ಯಕ್ಷರು. ರಾಜ್ಯದಲ್ಲಿ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಕ್ರೀಡೆಯನ್ನು ನೋಡಿಕೊಳ್ಳುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಚಿನ್ನ ಗೆದ್ದ ನಂತರ ದೇಶದ ನಗರಗಳಲ್ಲಿ ಈ ಕ್ರೀಡೆಗೆ ಸೇರುವ ಮಕ್ಕಳು ಹೆಚ್ಚಿದರು. ಬೆಂಗಳೂರಿನ ತಿಲೋತ್ತಮಾ ಸೇನ್ 2023ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಏರ್ ರೈಫಲ್ ಬೆಳ್ಳಿ ಗೆದ್ದು ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತದ ಕೋಟಾ ತಂದರು.

ಟ್ರಿಗರ್ ಅಭ್ಯಾಸದ ಬಹುಪಾಲು ನಡೆಯುವುದು ಮನೆಯಲ್ಲಿ. ಕನಕಪುರ ರಸ್ತೆಯ ಕೋಣನಕುಂಟೆ, ಪಕ್ಕದ ಜೆ.ಪಿ. ನಗರದಂತಹ ಕಡೆ ಮನೆಯ ಹಾಲಿನಲ್ಲಿ 10 ಮೀಟರ್ ಉದ್ದ ಸಿಗುವುದು ಅಪರೂಪ. 5 ಮೀಟರ್ ಸಿಕ್ಕರೂ ಸಾಕು: ನಿಜ ಗುರಿಯ ಕಪ್ಪು ವೃತ್ತ 30.5 ಮಿ.ಮೀ., ಅದನ್ನು ಅರ್ಧಕ್ಕೆ ಇಳಿಸಿ ಸುಮಾರು 15 ಮಿ.ಮೀ. ವೃತ್ತವನ್ನು ಗೋಡೆಗೆ ಅಂಟಿಸಿ, ಪೆಲೆಟ್ ಇಲ್ಲದೆ ಡ್ರೈ ಫೈರಿಂಗ್ ಮಾಡಬಹುದು. ಸದಾ ಒಂದಿಲ್ಲೊಂದು ಕಾಮಗಾರಿ ನಡೆಯುವ ರಸ್ತೆಗಳ ಧೂಳು ಮತ್ತು ಜೂನ್‌ನಿಂದ ಅಕ್ಟೋಬರ್‌ವರೆಗಿನ ತೇವ ಎರಡೂ ಟ್ರಿಗರ್‌ಗೆ ಒಗ್ಗುವುದಿಲ್ಲ. ರೈಫಲ್ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಚೀಲ ಇಡುವುದು, ಮಳೆಯಲ್ಲಿ ನೆನೆದ ಪೆಟ್ಟಿಗೆಯನ್ನು ಮನೆಗೆ ಬಂದ ಕೂಡಲೇ ತೆರೆದು ಒಣಗಿಸುವುದು ರೂಢಿಯಾಗಬೇಕು. ಆಯುಧಪೂಜೆಯ ದಿನ ರೈಫಲಿಗೂ ಅರಿಶಿನ ಕುಂಕುಮ ಹಚ್ಚುವ ಮನೆಗಳಲ್ಲಿ ಬಟ್ಟಿನ ಮೇಲೆ ಹಚ್ಚುವುದು ಕ್ಷೇಮ. ಟ್ರಿಗರ್ ಗಾರ್ಡಿಗೆ ಹಚ್ಚಿದ ಪುಡಿ ಬ್ಲೇಡಿನ ಸಂದಿಯಿಂದ ಒಳಗಿಳಿದು ಸಿಯರ್ ತಲುಪುತ್ತದೆ.

ಕೊಡಗಿನಲ್ಲಿ ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂ ಎಂಬ ಹೂ ಇಟ್ಟು ಪೂಜಿಸಿ, ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಯುತ್ತದೆ. ಅಲ್ಲಿನ ಕೋವಿಗಳ ಟ್ರಿಗರ್ ಭಾರದ್ದು, ಹೊಂದಾಣಿಕೆಯ ಸ್ಕ್ರೂಗಳು ಸಾಮಾನ್ಯವಾಗಿ ಇರುವುದಿಲ್ಲ. ಆದರೂ ಹಬ್ಬದ ಮುನ್ನ ಕೋವಿ ಬಿಚ್ಚಿ ಒರೆಸಿ ಒಣಗಿಸುವ ಪದ್ಧತಿ ಗುರಿ ರೈಫಲಿನವರೂ ಅನುಸರಿಸಬಹುದಾದದ್ದು.

ಕಾನೂನು

2016ರ ಶಸ್ತ್ರಾಸ್ತ್ರ ನಿಯಮಗಳಂತೆ 4.5 ಮಿ.ಮೀ. ಕ್ಯಾಲಿಬರ್ ಮತ್ತು 20 ಜೂಲ್ ಶಕ್ತಿ ಮೀರದ ಏರ್ ರೈಫಲಿಗೆ ಲೈಸೆನ್ಸ್ ಬೇಡ. ಸ್ಪರ್ಧೆಯ ಏರ್ ರೈಫಲಿನ ಶಕ್ತಿ ಸುಮಾರು 7.5 ಜೂಲ್ ಮಾತ್ರ. .22 ರೈಫಲಿಗೆ ಲೈಸೆನ್ಸ್ ಬೇಕೇ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ರಿಪೇರಿಯ ಕಸುಬಿಗೂ ಪ್ರತ್ಯೇಕ ಲೈಸೆನ್ಸ್ ಬೇಕು. ಹಾಗಾಗಿ ಹೊರಗಿನ ಹೊಂದಾಣಿಕೆ ಸ್ಕ್ರೂಗಳು ಮತ್ತು ಸ್ವಚ್ಛತೆ ಮಾಲೀಕನ ಕೆಲಸ. ಸಿಯರ್ ಬದಲಿಸುವುದು, ಬಣ್ಣದಿಂದ ಮುದ್ರೆ ಹಾಕಿದ ಸ್ಕ್ರೂ ಬಿಚ್ಚುವುದು ಲೈಸೆನ್ಸ್ ಇರುವ ಗನ್‌ಸ್ಮಿತ್‌ನ ಕೆಲಸ.